ನೆಲ ನಿಜವಾಗ್ಲೂ ಡೊಂಕಿದೆ: ಸ್ಕ್ರೋಲ್ ಸಾ ಹೊಸಬರ ಪರವಾಗಿ ಏಳು ಪೋಸ್ಟ್

1/7

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ನಮ್ಮ ಮರಗೆಲಸದ ಪೇಜ್‌ಗಳಲ್ಲಿ ಇತ್ತೀಚೆಗೆ ಜಾಸ್ತಿ ಓಡ್ತಿದೆ. ಯಾರೋ ಹೊಸಬರು ತಮ್ಮ ಮೊದಲ ಕೆಲಸದ ಫೋಟೋ ಹಾಕ್ತಾರೆ. "ಗೆರೆ ಮೇಲೇ ತಳ್ತಿದ್ದೀನಿ, ಆದ್ರೂ ಬ್ಲೇಡ್ ಪಕ್ಕಕ್ಕೆ ಎಳೀತಿದೆ, ಯಾಕೆ?" ಅಂತ ಕೇಳ್ತಾರೆ. ಕೆಳಗೆ ಮೊದಲ ಕಾಮೆಂಟೇ ಈ ಗಾದೆ. ಅದಕ್ಕೆ ಒಂದು ರಾಶಿ ನಗುವ ಎಮೋಜಿ. ಪ್ರಶ್ನೆಗೆ ಉತ್ತರ ಮಾತ್ರ ಎಲ್ಲೂ ಇಲ್ಲ.

ತಮಾಷೆ ಏನು ಗೊತ್ತಾ? ಸ್ಕ್ರೋಲ್ ಸಾ ವಿಷಯದಲ್ಲಿ ನೆಲ ನಿಜವಾಗ್ಲೂ ಡೊಂಕಿದೆ. ಬ್ಲೇಡ್ ನಿಜವಾಗ್ಲೂ ಪಕ್ಕಕ್ಕೆ ಎಳೆಯುತ್ತೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ ಹೇಳದೆ ನಗ್ತೀವಿ ನೋಡಿ, ನನ್ನ ತಕರಾರು ಇರೋದು ಅಲ್ಲೇ.

ಹೊಸಬರನ್ನ ಹೊಗಳಿ ಅಂತ ನಾನು ಹೇಳ್ತಿಲ್ಲ. ಅವರ ಪ್ರಶ್ನೆಗೆ ಒಂದು ಉತ್ತರ ಕೊಡಿ ಅಂತಿದ್ದೀನಿ. ಈ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಏಳು ಪೋಸ್ಟ್ ಇದೆ, ನಿಧಾನಕ್ಕೆ ಓದಿ.

2/7

ಮೊದಲು, ಸ್ಕ್ರೋಲ್ ಸಾ ಅಂದ್ರೇನು ಅಂತ ಕೇಳಿದ ಕ್ಲಾಸ್‌ಮೇಟ್‌ಗಳಿಗೆ. ಹೊಲಿಗೆ ಮೆಷಿನ್ ನೆನಪಿಸ್ಕೊಳ್ಳಿ. ಸೂಜಿ ಇರೋ ಜಾಗದಲ್ಲಿ ಐದಿಂಚು ಉದ್ದದ, ದಾರದಂಥ ತೆಳ್ಳನೆ ಗರಗಸ. ಅದು ಮೇಲೆ ಕೆಳಗೆ ಓಡ್ತಾ ಇರುತ್ತೆ. ಬಟ್ಟೆ ತಿರುಗಿಸಿದ ಹಾಗೆ ಮರವನ್ನ ತಿರುಗಿಸ್ತಾ ಹೋದ್ರೆ ಹೂವು, ಅಕ್ಷರ, ಜಿಂಕೆ ಕೊಂಬು, ಏನು ಬೇಕಾದ್ರೂ ಕತ್ತರಿಸಬಹುದು. ಒಳಗಡೆ ಜಾಲರಿ ಬೇಕಂದ್ರೆ ಮೊದಲು ಸಣ್ಣ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು ಕಟ್ ಮಾಡ್ಬೇಕು. ಐವತ್ತು ಕಿಂಡಿ ಇದ್ರೆ ಐವತ್ತು ಸಲ ಬಿಚ್ಚಿ ಬಿಗೀಬೇಕು. ನೀವು ರೀಲ್ಸಲ್ಲಿ ಮೂವತ್ತು ಸೆಕೆಂಡಲ್ಲಿ ನೋಡೋ ಒಂದು ಗೋಡೆ ಫ್ರೇಮ್ ಹಿಂದೆ ಇಷ್ಟು ಕೆಲಸ ಇದೆ.

ಈಗ ಆ ಡೊಂಕಿನ ಕಥೆ. ಸಾಮಾನ್ಯವಾಗಿ ಸಿಗೋ ಬ್ಲೇಡ್‌ಗಳನ್ನ ಉಕ್ಕಿನ ಪಟ್ಟಿಯಲ್ಲಿ ಹಲ್ಲು ಕೊರೆದು ಮಾಡ್ತಾರೆ. ಹಾಗೆ ಕೊರೆಯುವಾಗ ಒಂದು ಪಕ್ಕದಲ್ಲಿ, ಹೆಚ್ಚಾಗಿ ಬಲಗಡೆ, ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಂಚು ಉಳಿಯುತ್ತೆ. ಆ ಪಕ್ಕ ಸ್ವಲ್ಪ ಹೆಚ್ಚು ಚೂಪು. ಹಾಗಾಗಿ ಬ್ಲೇಡ್ ಆ ಕಡೆಗೇ ತಿನ್ನುತ್ತಾ ಹೋಗುತ್ತೆ. ಪರಿಹಾರ ಸುಲಭ: ಮರವನ್ನ ನೇರ ತಳ್ಳೋ ಬದಲು ಕೆಲವು ಡಿಗ್ರಿ ಓರೆ ಮಾಡಿ, ಕಟ್ ಗೆರೆ ಮೇಲೆ ಬರೋ ಕೋನ ಸಿಕ್ಕಿದ ಮೇಲೆ ಆ ಓರೆಯಲ್ಲೇ ತಳ್ಳಿ. ಒಂದು ವಾರ ಅಭ್ಯಾಸ ಮಾಡಿದ್ರೆ ಕೈಯೇ ತಾನಾಗಿ ಓರೆ ಹಿಡಿಯುತ್ತೆ.

ಇಷ್ಟೇ ಉತ್ತರ. ಟೈಪ್ ಮಾಡೋಕೆ ಒಂದು ನಿಮಿಷ. ಈ ಒಂದು ನಿಮಿಷ ಯಾರೂ ಕೊಡಲಿಲ್ಲ ಅಂದ್ರೆ ಆ ಹೊಸಬ "ನನ್ನ ಕೈಯೇ ಸರಿ ಇಲ್ಲ" ಅಂತ ತೀರ್ಮಾನ ಮಾಡ್ತಾನೆ. ಮೆಷಿನ್ ಮೇಲೆ ಬೆಡ್‌ಶೀಟ್ ಬೀಳುತ್ತೆ. ಆಮೇಲೆ ಅದು ಓಎಲ್‌ಎಕ್ಸ್‌ನಲ್ಲಿ "ಹೊಸದರಂತಿದೆ, ಎರಡೇ ಸಲ ಬಳಸಿದ್ದು" ಅಂತ ಕಾಣಿಸುತ್ತೆ.

3/7

ಹೊಸಬರ ಪೋಸ್ಟ್ ಕೆಳಗೆ ಸಾಮಾನ್ಯವಾಗಿ ಎರಡು ಥರದ ಕಾಮೆಂಟ್ ಬರುತ್ತೆ.

ಒಂದು: "ಸೂಪರ್ ಗುರು", ಬೆಂಕಿ ಎಮೋಜಿ, ಹೃದಯ, ಮುಂದಿನ ಪೋಸ್ಟಿಗೆ ಸ್ಕ್ರೋಲ್. ಎರಡು: "ಫಿನಿಶಿಂಗ್ ಇಲ್ಲ", "ಇನ್ನೂ ಕಲೀಬೇಕು ನೀನು", ಇಲ್ಲಾಂದ್ರೆ ಆ ಗಾದೆ.

ಮೊದಲನೆಯದು ಒಳ್ಳೇದು, ಎರಡನೆಯದು ಕೆಟ್ಟದ್ದು ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ಎರಡರಲ್ಲೂ ಹೊಸಬರ ಕೈಗೆ ಸಿಗೋದು ಸೊನ್ನೆ. "ಇನ್ನೂ ಕಲೀಬೇಕು" ಅಂತ ಅವಳಿಗೂ ಗೊತ್ತು, ಅದಕ್ಕೇ ಕೇಳಿದ್ದು. "ಸೂಪರ್" ಅಲ್ಲ ಅಂತಾನೂ ಅವಳಿಗೆ ಗೊತ್ತು. ಅಂಚು ಸುಟ್ಟು ಕಪ್ಪಾಗಿರೋದು ಅವಳ ಕಣ್ಣಿಗೂ ಕಾಣ್ತಿದೆಯಲ್ಲ! ಕಪ್ಪಾದ ಅಂಚನ್ನ ನೋಡಿಯೂ ನೋಡದ ಹಾಗೆ "ಸೂಪರ್" ಅಂದ್ರೆ, ಒಳಗೊಳಗೇ "ಇವರು ನನ್ನ ಕೆಲಸ ಸರಿಯಾಗಿ ನೋಡೇ ಇಲ್ಲ" ಅನ್ಸುತ್ತೆ. ಅದು ನಿಜಾನೂ ಹೌದು.

ಸುಳ್ಳು ಹೊಗಳಿಕೆ ಬೇಡ ಅನ್ನೋ ಸೀನಿಯರ್‌ಗಳ ಜೊತೆ ನಾನಿದ್ದೀನಿ. ಆದ್ರೆ ಹೊಗಳಿಕೆ ಬಿಟ್ಟ ಜಾಗಕ್ಕೆ ಏನು ತಂದ್ರಿ ಅನ್ನೋದು ಮುಖ್ಯ. ಅಲ್ಲಿಗೆ ಬರಬೇಕಾದ್ದು ಗಮನ. ಅಂದ್ರೆ ಫೋಟೋವನ್ನ ಎರಡು ಬೆರಳಲ್ಲಿ ಹಿಗ್ಗಿಸಿ ನೋಡೋದು, ಯಾವ ಮರ, ಎಷ್ಟು ದಪ್ಪ, ಯಾವ ಬ್ಲೇಡ್ ಅಂತ ಕೇಳೋದು.

4/7

"ಏನು ಬರೀಬೇಕೋ ಗೊತ್ತಾಗಲ್ಲ" ಅನ್ನೋರಿಗೆ ಈ ಪೋಸ್ಟ್. ಸೇವ್ ಮಾಡ್ಕೊಳ್ಳಿ. ಹೊಸಬರ ತೊಂದರೆಗಳು ಸುತ್ತಿ ಸುತ್ತಿ ಇವೇ ಆರೇಳು.

ಅಂಚು ಸುಟ್ಟು ಕಪ್ಪಾಗಿದೆ: ಬ್ಲೇಡ್ ಮೊಂಡಾಗಿರಬಹುದು, ಸ್ಪೀಡ್ ಜಾಸ್ತಿ ಇರಬಹುದು. ಮರದ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ ಕಟ್ ಮಾಡಿದ್ರೆ ಸುಡೋದು ಕಡಿಮೆ ಆಗುತ್ತೆ.

ಹಿಂದುಗಡೆ ನಾರು ಕಿತ್ತು ಬಂದಿದೆ: ರಿವರ್ಸ್ ಟೂತ್ ಬ್ಲೇಡ್ ಹಾಕಿ. ಅದರ ಕೆಳತುದಿಯ ಕೆಲವು ಹಲ್ಲು ಮೇಲ್ಮುಖ ಇರುತ್ತೆ, ಅಡಿಭಾಗವನ್ನೂ ನೀಟಾಗಿ ಕತ್ತರಿಸುತ್ತೆ. ಅದು ಇಲ್ಲಾಂದ್ರೆ ಕೆಳಗೆ ಒಂದು ತೆಳು ವೇಸ್ಟ್ ಹಲಗೆ ಇಟ್ಟು ಸೇರಿಸಿ ಕಟ್ ಮಾಡಿ.

ಮುಂದೆ ಸರಿಯಾಗಿದೆ, ಹಿಂದೆ ಆಕಾರ ಬೇರೆಯಾಗಿದೆ: ಟೇಬಲ್ ಬ್ಲೇಡಿಗೆ 90 ಡಿಗ್ರಿ ಇಲ್ಲ. ಮೂಲೆಮಟ್ಟ ಇಟ್ಟು ನೋಡಿ. ಅದು ಸರಿ ಇದ್ರೆ ಮರವನ್ನ ಜೋರಾಗಿ ತಳ್ತಿದ್ದೀರಿ, ಬ್ಲೇಡ್ ಬಿಲ್ಲಿನ ಹಾಗೆ ಬಾಗ್ತಿದೆ.

ಬ್ಲೇಡ್ ಮೇಲಿಂದ ಮೇಲೆ ಮುರೀತಿದೆ: ಬಿಗಿತ ನೋಡಿ. ಬೆರಳಲ್ಲಿ ಮೀಟಿದ್ರೆ ತಂತಿ ಹಾಗೆ "ಟಿಂಗ್" ಅನ್ಬೇಕು. ಆಮೇಲೆ ಆತುರ ಬಿಡಿ. ಕತ್ತರಿಸೋದು ಬ್ಲೇಡಿನ ಕೆಲಸ, ನಿಮ್ಮದು ದಾರಿ ತೋರ್ಸೋದು ಮಾತ್ರ.

ಮರ ಟೇಬಲ್ ಮೇಲೆ ಕುಣೀತಿದೆ: ಬ್ಲೇಡ್ ತಲೆಕೆಳಗಾಗಿ ಹಾಕಿರಬಹುದು. ಹಲ್ಲು ಕೆಳಮುಖವಾಗಿರಬೇಕು.

ಬ್ಲೇಡ್ ಸಣ್ಣ ತೂತಿಗೆ ಹೋಗ್ತಿಲ್ಲ: ಅದು ತುದಿಯಲ್ಲಿ ಪಿನ್ ಇರೋ ಬ್ಲೇಡ್. ಸೂಕ್ಷ್ಮ ಜಾಲರಿಗೆ ಪಿನ್ ಇಲ್ಲದ ಬ್ಲೇಡ್ ಬೇಕು. ನಿಮ್ಮ ಮೆಷಿನ್ ಅದನ್ನ ಹಿಡಿಯುತ್ತಾ ಅಂತ ಮೊದಲು ನೋಡ್ಕೊಳ್ಳಿ.

ಯಾವ ನಂಬರ್ ಬ್ಲೇಡ್: ನಂಬರ್ ದೊಡ್ಡದಾದಷ್ಟೂ ಬ್ಲೇಡ್ ದಪ್ಪ. 2/0 ತುಂಬಾ ಸಣ್ಣದು, 9 ದಪ್ಪ ಮರಕ್ಕೆ. ಕಲಿಯೋಕೆ 3 ಅಥವಾ 5 ಒಳ್ಳೇದು.

ನೋಡಿ, ಇದರಲ್ಲಿ ಒಂದೂ "ನಿನಗೆ ಕಲೆ ಇಲ್ಲ" ಅನ್ನೋ ಸಮಸ್ಯೆ ಅಲ್ಲ. ಎಲ್ಲಾ ಸ್ಕ್ರೂ, ಹಲ್ಲು, ವೇಗದ ಸಮಸ್ಯೆ. ಒಂದು ಕಾಮೆಂಟಿಗೆ ಒಂದೇ ಸಲಹೆ ಕೊಡಿ, ಹತ್ತು ಬೇಡ. ಹತ್ತು ತಪ್ಪು ಒಟ್ಟಿಗೆ ತೋರಿಸಿದ್ರೆ, ತೋರಿಸಿದ್ದು ಎಷ್ಟೇ ಸರಿ ಇದ್ರೂ, ಅದು ಪಾಠ ಆಗಲ್ಲ, ಚಾರ್ಜ್‌ಶೀಟ್ ಆಗುತ್ತೆ.

5/7

ಈ ಪೋಸ್ಟ್ ಸ್ವಲ್ಪ ಸೀರಿಯಸ್.

ಮರ ಕತ್ತರಿಸೋ ಮೆಷಿನ್‌ಗಳಲ್ಲಿ ಸ್ಕ್ರೋಲ್ ಸಾ ಸಾಧು ಪ್ರಾಣಿ. ಹಾಗಂತ ಹಲ್ಲಿಲ್ಲದ್ದಲ್ಲ. ಪ್ಲಗ್ ತೆಗೆಯದೆ ಬ್ಲೇಡ್ ಬದಲಾಯಿಸೋದು, ಸಡಿಲ ಜಡೆ, ಇಳಿಬಿದ್ದ ದುಪಟ್ಟಾ, ಬೆರಳನ್ನ ಬ್ಲೇಡಿನ ನೇರಕ್ಕೇ ಇಟ್ಟು ತಳ್ಳೋದು, ಇವೆಲ್ಲ ಅಪಾಯ. ಇನ್ನೊಂದು ಅಪಾಯ ಕಣ್ಣಿಗೆ ಕಾಣಲ್ಲ: ಧೂಳು. ಎಂಡಿಎಫ್ ಅಂದ್ರೆ ಮರದ ಸಣ್ಣ ನಾರುಗಳನ್ನ ರಾಳದಲ್ಲಿ ಅಂಟಿಸಿ ಒತ್ತಿದ ಹಲಗೆ. ಅದನ್ನ ಕತ್ತರಿಸಿದಾಗ ಏಳೋ ಹಿಟ್ಟಿನಂಥ ಧೂಳು ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಮುಚ್ಚಿದ ರೂಮಲ್ಲಿ, ಮಾಸ್ಕ್ ಇಲ್ಲದೆ, ಫ್ಯಾನ್ ಹಾಕ್ಕೊಂಡು ಕೆಲಸ ಮಾಡೋ ವಿಡಿಯೋಗಳು ಎಷ್ಟಿಲ್ಲ ಹೇಳಿ?

ಈಗ ಯೋಚಿಸಿ. ಬ್ಲೇಡ್ ನಂಬರ್ ಕೇಳಿದಾಗ ನಗೆಪಾಟಲಾದ ಹುಡುಗ, "ಅಣ್ಣ, ಮಾಸ್ಕ್ ಬೇಕಾ?" ಅಂತ ಕೇಳೋಕೆ ಮತ್ತೆ ಬರ್ತಾನಾ? ಬರಲ್ಲ. ಸುಮ್ಮನೆ ಕತ್ತರಿಸ್ತಾನೆ. ನಾವು ನಕ್ಕು ಓಡಿಸಿದ್ದು ಒಂದು ದಡ್ಡ ಪ್ರಶ್ನೆಯನ್ನಲ್ಲ, ಅದರ ಹಿಂದೆ ಕ್ಯೂನಲ್ಲಿ ನಿಂತಿದ್ದ ಎಲ್ಲಾ ಪ್ರಶ್ನೆಗಳನ್ನ. ಅದರಲ್ಲಿ ಒಂದು ಅವನ ಬೆರಳಿಗೆ ಸಂಬಂಧಪಟ್ಟಿದ್ದು ಆಗಿರಬಹುದು.

ಹಾಗಾಗಿ ಸುರಕ್ಷತೆ ವಿಷಯದಲ್ಲಿ ಮಾತ್ರ ನನ್ನ ನಿಯಮ ಬೇರೆ. ಅಲ್ಲಿ "ಒಂದೇ ಸಲಹೆ", "ಮೃದುವಾಗಿ", ಇದ್ಯಾವುದೂ ಇಲ್ಲ. ತಕ್ಷಣ, ಎಲ್ಲರಿಗೂ ಕಾಣೋ ಹಾಗೆ ಹೇಳಿ: "ಪ್ಲಗ್ ತೆಗೀರಿ. ಎನ್95 ಮಾಸ್ಕ್ ಹಾಕ್ಕೊಳ್ಳಿ. ಕಣ್ಣಿಗೆ ಕನ್ನಡಕ ಹಾಕಿ. ಕೂದಲು ಕಟ್ಟಿ." ಓದೋ ಇನ್ನೂ ಹತ್ತು ಜನಕ್ಕೂ ಅದು ಬೇಕು.

6/7

ಈಗ ಎದುರುವಾದಗಳು. ಬರೋದು ಗೊತ್ತು, ಮೊದಲೇ ಹೇಳ್ಬಿಡ್ತೀನಿ.

"ಯೂಟ್ಯೂಬಲ್ಲಿ ಎಲ್ಲಾ ಇದೆ, ನೋಡ್ಕೊಳ್ಳಲಿ." ಇದೆ, ನಿಜ. ಅಮೆರಿಕದ ಸ್ಟೀವ್ ಗುಡ್ ಅನ್ನೋರು ವರ್ಷಗಳಿಂದ ಪ್ಯಾಟರ್ನ್‌ಗಳನ್ನ ಉಚಿತವಾಗಿ ಹಂಚ್ತಾ, ಹೊಸಬರಿಗೋಸ್ಕರ ವಿಡಿಯೋ ಮಾಡ್ತಾ ಬಂದಿದ್ದಾರೆ. ಹುಡುಕಿ ನೋಡಿ, ಬಂಗಾರ. ಆದ್ರೆ ಅದು ಇಂಗ್ಲಿಷಲ್ಲಿ ಇದೆ, ಅಲ್ಲಿನ ಮರಕ್ಕೆ ಹೇಳಿದ್ದು. ನಮ್ಮೂರ ಅಂಗಡಿ ಪ್ಲೈವುಡ್ ಒಳಗೆ ಪೊಳ್ಳು ಸಿಕ್ಕಿ ಬ್ಲೇಡ್ ಹಾರಿದಾಗ ಏನ್ ಮಾಡೋದು ಅಂತ ಹೇಳೋರು ನಮ್ಮೂರಲ್ಲೇ ಇರಬೇಕು. ಇನ್ನೊಂದು ಮಾತು: ತನ್ನ ತೊಂದರೆಗೆ ಹೆಸರೇನು ಅಂತ ಗೊತ್ತಿಲ್ಲದವನು ಏನಂತ ಸರ್ಚ್ ಮಾಡ್ತಾನೆ?

"ಒಂದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಡೋದು?" ಈ ಸುಸ್ತು ನಿಜ, ನಾನು ತಳ್ಳಿಹಾಕಲ್ಲ. ಒಮ್ಮೆ ಚೆನ್ನಾಗಿ ಬರೆದು ಪಿನ್ ಮಾಡಿ, ಹೈಲೈಟ್ಸಲ್ಲಿ ಇಡಿ, ಮುಂದಿನ ಸಲ "ಹೈಲೈಟ್ ನೋಡಿ, ಅರ್ಥ ಆಗ್ಲಿಲ್ಲ ಅಂದ್ರೆ ಕೇಳಿ" ಅನ್ನಿ. ಸುಸ್ತಾಗಿದ್ರೆ ಸುಮ್ಮನಿರಿ, ಅದೂ ಸರಿ. ಗೇಲಿ ಮಾಡೋಕೂ ಶಕ್ತಿ ಖರ್ಚಾಗುತ್ತಲ್ವಾ?

"ನಮಗೆ ಯಾರು ಹೇಳಿಕೊಟ್ರು? ನಾವೇ ಕಲಿತ್ವಿ." ಈ ಮಾತು ನನಗೆ ಅತಿ ವಿಚಿತ್ರ. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋದಾಗ ದಂತದ ಕುಸುರಿ ಇರೋ ಬೀಟೆಮರದ ಬಾಗಿಲು ನೋಡಿರ್ತೀರಿ. ಮೈಸೂರಿನ ಇನ್‌ಲೇ ಕೆಲಸದಲ್ಲಿ ಈಗ ದಂತ ಇಲ್ಲ, ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನ ಸಣ್ಣ ಗರಗಸದಲ್ಲಿ ಕತ್ತರಿಸಿ ಕೂರಿಸ್ತಾರೆ. ಅದಕ್ಕೆ ಜಿಐ ಮಾನ್ಯತೆ ಕೂಡ ಇದೆ. ನಮ್ಮ ಸ್ಕ್ರೋಲ್ ಸಾ ಆ ಕೈಗರಗಸದ ವಿದ್ಯುತ್ ತಮ್ಮ ಅಷ್ಟೇ. ಅಂಥ ಕಸುಬು ಉಳಿದು ಬಂದಿರೋದು ಕಲಿಯೋನ ಪಕ್ಕದಲ್ಲಿ ಕಲಿತೋನು ಕೂತಿದ್ದರಿಂದ. "ಹಾಗಲ್ಲ, ಹೀಗೆ ಹಿಡಿ" ಅಂತ ಕೈ ತಿದ್ದಿದ್ದರಿಂದ. ಮನೆ ಟೆರೇಸಲ್ಲಿ ಒಂಟಿಯಾಗಿ ಕಲೀತಿರೋ ನಮ್ಮ ಹೊಸಬನ ಪಕ್ಕದಲ್ಲಿ ಯಾರೂ ಇಲ್ಲ. ಕಾಮೆಂಟ್ ಬಾಕ್ಸೇ ಅವನ ಪಕ್ಕದ ಮಣೆ. ಅಲ್ಲಿ ಕೂತು ನಾವು ಏನ್ ಮಾಡ್ತಿದ್ದೀವಿ ಅನ್ನೋದೇ ಪ್ರಶ್ನೆ.

"ನನ್ನ ಪ್ಯಾಟರ್ನ್ ಕದ್ದು ಮಾಡಿದ್ದಾನೆ." ಇದು ನ್ಯಾಯವಾದ ಸಿಟ್ಟು. ಆದ್ರೆ ಪ್ಯಾಟರ್ನಿಗೆ ಹೆಸರು ಹಾಕಬೇಕು, ಮಾರೋಕೆ ಮೊದಲು ಅನುಮತಿ ಕೇಳಬೇಕು ಅನ್ನೋದು ಹೊಸಬರಿಗೆ ಗೊತ್ತೇ ಇರಲ್ಲ. ಮೊದಲ ಸಲ ಡಿಎಂನಲ್ಲಿ ಹೇಳಿ. ಹೇಳಿದ ಮೇಲೂ ಅದೇ ಮಾಡಿದ್ರೆ ಆಮೇಲೆ ಜಗಳ ಆಡೋಣ, ನಾನೂ ಬರ್ತೀನಿ.

7/7

ಹೊಸಬರಿಗೂ ಎರಡು ಮಾತು ಇದೆ. ಪ್ರಶ್ನೆ ಕೇಳುವಾಗ ಮರ ಯಾವುದು, ದಪ್ಪ ಎಷ್ಟು, ಬ್ಲೇಡ್ ನಂಬರ್ ಎಷ್ಟು ಅಂತ ಬರೀರಿ. ಮುಂದಿನ ಫೋಟೋ ಜೊತೆ ಹಿಂದುಗಡೆಯ ಫೋಟೋನೂ ಹಾಕಿ, ಅರ್ಧ ಉತ್ತರ ಅಲ್ಲೇ ಇರುತ್ತೆ. ಸಲಹೆ ಕೆಲಸ ಮಾಡಿದ್ರೆ ವಾಪಸ್ ಬಂದು "ಸರಿ ಹೋಯ್ತು" ಅಂತ ಒಂದು ಸಾಲು ಹಾಕಿ. ಉತ್ತರ ಕೊಟ್ಟವರಿಗೆ ಅಷ್ಟೇ ಸಂಬಳ.

ಮೊದಲ ಕೆಲಸಕ್ಕೆ ನೂರು ಕಿಂಡಿಯ ದೇವರ ಫ್ರೇಮ್ ಬೇಡ. ವೇಸ್ಟ್ ಹಲಗೆ ಮೇಲೆ ಸ್ಕೆಚ್ ಪೆನ್ನಲ್ಲಿ ಹಾವಿನ ಹಾಗೆ ಗೆರೆ ಎಳೆದು ಅದನ್ನ ಕತ್ತರಿಸಿ. ನಿಮ್ಮ ಹೆಸರಿನ ಕೀ ಚೈನ್ ಮಾಡಿ. ಕನ್ನಡ ಅಕ್ಷರಗಳು ಸ್ಕ್ರೋಲ್ ಸಾಗೆ ಹೇಳಿ ಮಾಡಿಸಿದ ಹಾಗಿವೆ, ಎಲ್ಲಾ ದುಂಡು ದುಂಡು. "ಠ" ಕತ್ತರಿಸಿದ್ರೆ ಹೊರಗಿನ ಸುತ್ತು, ಒಳಗಿನ ಕಿಂಡಿ ಎರಡೂ ಒಂದೇ ಅಕ್ಷರದಲ್ಲಿ ಕಲಿತ ಹಾಗೆ.

ಹಳಬರಿಗೆ ನನ್ನ ಕೋರಿಕೆ ಒಂದೇ. ಈ ವಾರ ಮೂರು ಹೊಸಬರ ಪೋಸ್ಟ್ ಹುಡುಕಿ, ಕಡಿಮೆ ಲೈಕ್ ಇರೋದು. ಪ್ರತಿಯೊಂದಕ್ಕೂ ಎರಡು ಸಾಲು ಬರೀರಿ: ಚೆನ್ನಾಗಿ ಬಂದಿರೋ ಒಂದು ಜಾಗವನ್ನ ತೋರಿಸಿ, "ಎಲೆಯ ತುದಿ ಚೂಪಾಗಿ ಬಂದಿದೆ" ಅನ್ನೋ ಥರ. ಆಮೇಲೆ ಸರಿಪಡಿಸಬಹುದಾದ ಒಂದನ್ನ ಹೇಳಿ. ಸಾಧ್ಯವಾದ್ರೆ ನಿಮ್ಮ ರೀಲ್ಸಲ್ಲೂ ಒಮ್ಮೆ ಮುರಿದ ಬ್ಲೇಡುಗಳ ಡಬ್ಬಿ ತೋರಿಸಿ. ಪಾಲಿಶ್ ಹಾಕಿದ ಕೊನೆಯ ಶಾಟ್ ಮಾತ್ರ ನೋಡಿ ನೋಡಿ, ಎಲ್ಲರಿಗೂ ಮೊದಲ ದಿನದಿಂದ ಹಾಗೇ ಬರುತ್ತೆ ಅಂತ ಹೊಸಬರು ನಂಬ್ಕೊಂಡಿದ್ದಾರೆ.

ಈ ಪೋಸ್ಟ್ ಕೆಳಗೆ ಪ್ರಶ್ನೆ ಕೇಳಿ. ಎಷ್ಟು ಸಣ್ಣದಾದ್ರೂ ಪರವಾಗಿಲ್ಲ. ಗೊತ್ತಿರೋದಕ್ಕೆ ನಾನು ಉತ್ತರ ಕೊಡ್ತೀನಿ, ಗೊತ್ತಿಲ್ಲದಕ್ಕೆ ಗೊತ್ತಿರೋರನ್ನ ಟ್ಯಾಗ್ ಮಾಡ್ತೀನಿ. ಗಾದೆ ಹೇಳೋರನ್ನ ಮಾತ್ರ ಮ್ಯೂಟ್ ಮಾಡ್ತೀನಿ.

#ಸ್ಕ್ರೋಲ್‌ಸಾ #ಮರಗೆಲಸ #ಹೊಸಬರಿಗೆಸ್ವಾಗತ #ಕನ್ನಡದಲ್ಲಿಕಲಿಯೋಣ