ಉಪಕರಣ ಬಂದರೆ ಶಿಕ್ಷಣ ಬಂದೀತೇ?

ಸರಕಾರಿ ಶಾಲೆಗಳ ದುಃಸ್ಥಿತಿಯ ಬಗ್ಗೆ ಪ್ರಶ್ನೆ ಎದ್ದಾಗಲೆಲ್ಲ ಆಳುವವರ ಬಳಿ ಸಿದ್ಧ ಉತ್ತರವೊಂದಿರುತ್ತದೆ: ಹಣವಿಲ್ಲ. ಹಣ ದೊರೆತಾಗ ಅವರು ಮಾಡುವ ಮೊದಲ ಕೆಲಸವೆಂದರೆ ಯಂತ್ರಗಳನ್ನು ಖರೀದಿಸಿ, ಅವುಗಳ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು. ಈ ಎರಡೂ ಧೋರಣೆಗಳು ಎಷ್ಟು ಪೊಳ್ಳು ಎಂಬುದನ್ನು ಅಮೇರಿಕದ ಎರಡು ಶಾಲಾ ಜಿಲ್ಲೆಗಳ ಅನುಭವ ತೋರಿಸಿಕೊಡುತ್ತದೆ.

ಅಮೇರಿಕದಲ್ಲಿ ಶಾಲಾ ಜಿಲ್ಲೆ ಎಂದರೆ ಒಂದು ಊರು ಅಥವಾ ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ಉತ್ತರ ಕೆರೊಲಿನಾ ರಾಜ್ಯದ ಮೂರ್ಸ್‌ವಿಲ್ ಎಂಬ ಸಣ್ಣ ಪಟ್ಟಣದ ಶಾಲಾ ಜಿಲ್ಲೆಗೆ 2007ರಲ್ಲಿ ಮಾರ್ಕ್ ಎಡ್ವರ್ಡ್ಸ್ ಮುಖ್ಯಸ್ಥರಾಗಿ ಬಂದರು. ಪ್ರತಿ ವಿದ್ಯಾರ್ಥಿಗೆ ಮಾಡುವ ವೆಚ್ಚದಲ್ಲಿ ರಾಜ್ಯದ 115 ಜಿಲ್ಲೆಗಳ ಪೈಕಿ ಅದು 100ನೆಯ ಸ್ಥಾನದಲ್ಲಿತ್ತು. ಆದರೂ ನಾಲ್ಕನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ನೀಡಲಾಯಿತು. ಯಂತ್ರಗಳನ್ನು ಕೊಳ್ಳದೆ ವಾರ್ಷಿಕ ಬಾಡಿಗೆಗೆ ಪಡೆಯಲಾಯಿತು; ಪಠ್ಯಪುಸ್ತಕಗಳ ಖರೀದಿಯನ್ನು ಬಹುಮಟ್ಟಿಗೆ ನಿಲ್ಲಿಸಲಾಯಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ಲ್ಯಾಪ್‌ಟಾಪ್ ಮೊದಲು ಸೇರಿದ್ದು ಶಿಕ್ಷಕರ ಕೈಗೆ. ಅವರಿಗೆ ತರಬೇತಿ ನೀಡಿದ ಬಳಿಕವೇ ಮಕ್ಕಳ ಸರದಿ ಬಂತು. ಯಾವ ಮಗು ಯಾವ ಪಾಠದಲ್ಲಿ ಹಿಂದುಳಿದಿದೆ ಎಂಬುದು ವರ್ಷದ ಕೊನೆಯ ಪರೀಕ್ಷೆಯವರೆಗೆ ಕಾಯದೆ ಶಿಕ್ಷಕರಿಗೆ ತಿಳಿಯತೊಡಗಿತು. 2008ರಲ್ಲಿ ಶೇ. 80ರಷ್ಟಿದ್ದ ಪ್ರೌಢ ಶಿಕ್ಷಣ ಪೂರೈಸುವವರ ಪ್ರಮಾಣ 2011ರಲ್ಲಿ ಶೇ. 91ಕ್ಕೇರಿತು. 2013ರ ಜೂನ್‌ನಲ್ಲಿ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಆ ಪಟ್ಟಣಕ್ಕೆ ಭೇಟಿ ನೀಡಿದರು.

ಅದೇ 2013ರಲ್ಲಿ ಅಮೇರಿಕದ ಎರಡನೆಯ ಅತಿದೊಡ್ಡ ಶಾಲಾ ಜಿಲ್ಲೆಯಾದ ಲಾಸ್ ಏಂಜಲೀಸ್, ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಹಂಚುವ ಯೋಜನೆ ಆರಂಭಿಸಿತು. ಅಂದಾಜು ವೆಚ್ಚ 130 ಕೋಟಿ ಡಾಲರ್. ಕೆಲವೇ ವಾರಗಳಲ್ಲಿ ಮಕ್ಕಳು ಅದರ ಭದ್ರತಾ ಬೀಗವನ್ನು ಮುರಿದರು. ಅದರಲ್ಲಿ ಅಳವಡಿಸಬೇಕಿದ್ದ ಪಠ್ಯಕ್ರಮವೇ ಅಪೂರ್ಣವಾಗಿತ್ತು. ಖರೀದಿಯ ರೀತಿಯ ಬಗ್ಗೆ ಸಂದೇಹಗಳೆದ್ದವು. 2014ರಲ್ಲಿ ಒಪ್ಪಂದ ಕೈಬಿಡಲಾಯಿತು. ಒಂದೆಡೆ ಹಣವಿರಲಿಲ್ಲ, ಸಿದ್ಧತೆಯಿತ್ತು. ಇನ್ನೊಂದೆಡೆ ಹಣವಿತ್ತು, ಸಿದ್ಧತೆಯಿರಲಿಲ್ಲ. ಫಲಿತಾಂಶ ನಮ್ಮ ಮುಂದಿದೆ.

ಹಾಗೆಂದು ಮೂರ್ಸ್‌ವಿಲ್‌ನ ಕತೆಯನ್ನು ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಲ್ಯಾಪ್‌ಟಾಪ್‌ಗಳಿಗೆ ಹಣ ಹೊಂದಿಸಲು ಅಲ್ಲಿ 65 ಹುದ್ದೆಗಳನ್ನು ರದ್ದುಪಡಿಸಲಾಯಿತು. ಅವುಗಳಲ್ಲಿ 37 ಶಿಕ್ಷಕರ ಹುದ್ದೆಗಳು. ಮಾಧ್ಯಮಿಕ ತರಗತಿಗಳಲ್ಲಿ 18 ಮಕ್ಕಳಿದ್ದಲ್ಲಿ 30 ಮಕ್ಕಳಾದರು. ಪ್ರಶಂಸೆಯ ಗದ್ದಲದಲ್ಲಿ ಈ ಲೆಕ್ಕವನ್ನು ಮರೆಯುವುದು ನ್ಯಾಯವಲ್ಲ. ಸಿದ್ಧಗೊಂಡ ಶಿಕ್ಷಕರಿಂದಲೇ ಯಶಸ್ಸು ಕಂಡ ಜಿಲ್ಲೆಯೊಂದು ಶಿಕ್ಷಕರನ್ನೇ ಕಡಿಮೆ ಮಾಡಬೇಕಾಗಿ ಬಂದುದು ಆಡಳಿತದ ಜಾಣ್ಮೆಯೋ, ಸಾಕಷ್ಟು ಅನುದಾನ ನೀಡದ ರಾಜ್ಯದ ವೈಫಲ್ಯವೋ? ಕೊರತೆಯ ನಡುವೆಯೂ ಸಾಧಿಸಿದವರನ್ನು ಅಭಿನಂದಿಸೋಣ. ಆದರೆ ಅವರ ಸಾಧನೆಯನ್ನೇ ಮುಂದಿಟ್ಟುಕೊಂಡು, ಕೊರತೆಯಲ್ಲೇ ಎಲ್ಲವೂ ಸಾಧ್ಯವೆಂದು ವಾದಿಸಿ ಇನ್ನಷ್ಟು ಅನುದಾನ ಕಡಿತಗೊಳಿಸುವವರ ಬಗ್ಗೆ ಎಚ್ಚರವಿರಲಿ.

ಹೆತ್ತವರು ಗಮನಿಸಬೇಕಾದ ವಿಷಯವೂ ಇದೇ. ಶಾಲೆಯ ಗೋಡೆಯಲ್ಲಿ ಹೊಳೆಯುವ ಪರದೆ ಕಂಡೊಡನೆ ಆಧುನಿಕ ಶಿಕ್ಷಣ ದೊರೆಯಿತೆಂದು ನಾವು ತೃಪ್ತರಾಗುತ್ತೇವೆ. ಆ ಪರದೆಯನ್ನು ಬಳಸಲು ಶಿಕ್ಷಕರಿಗೆ ಯಾರು ಕಲಿಸಿದರು? ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಹಿಂದುಳಿದ ಮಗುವನ್ನು ಗುರುತಿಸಲು ಎಷ್ಟು ದಿನ ಬೇಕಾಗುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಶಾಲೆಯಲ್ಲಿ ಯಂತ್ರವು ಕೇವಲ ಅಲಂಕಾರದ ವಸ್ತು.