ಎಳೆಗೂಸಿನ ಕಾಮಾಲೆಯೂ ದಿನಗಣನೆಯೂ

ಮನೆಯಲ್ಲಿ ಕೂಸು ಹುಟ್ಟಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅದರ ಮುಖದಲ್ಲಿಯೂ ಕಣ್ಣಿನ ಬಿಳಿಯ ಭಾಗದಲ್ಲಿಯೂ ಹಳದಿಯ ಛಾಯೆ ತೋರಿತೆಂದರೆ, ಮನೆಯವರಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುವುದುಂಟು. ಇದು ಎಲ್ಲ ಕೂಸುಗಳಿಗೂ ಬರತಕ್ಕದ್ದೇ, ತಾನಾಗಿ ಹೋಗುವುದು ಎಂಬುದು ಒಂದು ಪಕ್ಷ. ಕಾಮಾಲೆಯೆಂದರೆ ಪ್ರಾಣಾಪಾಯವೆಂಬುದು ಇನ್ನೊಂದು. ವಿಚಾರಮಾಡಿ ನೋಡಿದರೆ ಎರಡರಲ್ಲಿಯೂ ಸತ್ಯಾಂಶವಿದೆ. ಯಾವ ಕೂಸಿನ ವಿಷಯದಲ್ಲಿ ಯಾವ ಮಾತು ಸಲ್ಲುವುದೆಂಬುದನ್ನು ತಿಳಿಯಲು ಗೃಹಸ್ಥರ ಕೈಯಲ್ಲಿರುವ ಮೊದಲನೆಯ ಸಾಧನವು ದಿನಗಳ ಎಣಿಕೆ. ಆ ಎಣಿಕೆಯ ಕ್ರಮವನ್ನು ವಾಚಕರ ಮುಂದಿಡುವುದೇ ಈ ತಿಂಗಳ ಉದ್ದೇಶ.

ಮೊದಲು ಕಾರಣವನ್ನು ನೋಡೋಣ. ಗರ್ಭಸ್ಥ ಶಿಶುವು ತಾನೇ ಉಸಿರಾಡುವುದಿಲ್ಲ. ತಾಯಿಯ ರಕ್ತದಿಂದ ಮಾಸುವಿನ ಮೂಲಕ ಪ್ರಾಣವಾಯುವನ್ನು ಪಡೆಯುತ್ತದೆ. ಅದಕ್ಕಾಗಿ ಅದರ ರಕ್ತದಲ್ಲಿ ಕೆಂಪುಕಣಗಳು ಹೆಚ್ಚಾಗಿರುತ್ತವೆ. ದೊಡ್ಡವರ ಕೆಂಪುಕಣದ ಆಯುಸ್ಸು ಸುಮಾರು 120 ದಿನವಾದರೆ ಎಳೆಗೂಸಿನ ಕಣದ್ದು 80 ರಿಂದ 90 ದಿನ ಮಾತ್ರ. ಸವೆದ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿಯ ದ್ರವ್ಯವು ಉಂಟಾಗುತ್ತದೆ. ಗರ್ಭದಲ್ಲಿರುವಷ್ಟು ಕಾಲ ಇದನ್ನು ತಾಯಿಯ ಯಕೃತ್ತೇ ಹೊರಹಾಕುತ್ತಿತ್ತು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಬಳಿಕ ಆ ಭಾರವು ಕೂಸಿನ ಯಕೃತ್ತಿನ ಮೇಲೆ ಬೀಳುತ್ತದೆ. ಅದು ಈ ಕೆಲಸಕ್ಕೆ ಪಳಗುವುದಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ಅಷ್ಟರೊಳಗೆ ರಕ್ತದಲ್ಲಿ ನಿಂತ ಹಳದಿಯು ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ. ತಿಂಗಳು ತುಂಬಿ ಹುಟ್ಟಿದ ನೂರು ಕೂಸುಗಳಲ್ಲಿ ಸುಮಾರು 60ಕ್ಕೂ, ತುಂಬದೆ ಹುಟ್ಟಿದ ನೂರರಲ್ಲಿ ಸುಮಾರು 80ಕ್ಕೂ ಮೊದಲ ವಾರದಲ್ಲಿ ಇದು ಬರುತ್ತದೆ. ಆದುದರಿಂದ ದೊಡ್ಡವರಿಗೆ ಬರುವ ಕಾಮಾಲೆಗೂ ಇದಕ್ಕೂ ಹೆಸರೊಂದೇ ಆದರೂ ಸ್ವಭಾವವು ಬೇರೆ. ಒಬ್ಬರಿಂದ ಒಬ್ಬರಿಗೆ ಅಂಟುವ ಭಯವೂ ಇದಕ್ಕಿಲ್ಲ.

ಈ ಸಹಜವಾದ ಕಾಮಾಲೆಯ ನಡೆ ಹೀಗಿರುತ್ತದೆ: ಎರಡನೆಯ ಅಥವಾ ಮೂರನೆಯ ದಿನ ತಲೆದೋರಿ, ಮೂರರಿಂದ ಐದನೆಯ ದಿನದೊಳಗೆ ಏರಿ, ಬಳಿಕ ಇಳಿಯುತ್ತ ಒಂದೆರಡು ವಾರಗಳಲ್ಲಿ ಹೋಗುತ್ತದೆ. ತಿಂಗಳು ತುಂಬದ ಕೂಸಿನಲ್ಲಿ ಮೂರು ವಾರ ಹಿಡಿಯಬಹುದು. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವ ಮನೆಗಳಲ್ಲಿ, ಆ ಹೊತ್ತಿಗೆ ಹಳದಿಯು ಇಳಿಮುಖವಾಗಿರಬೇಕೆಂದು ನೆನಪಿಟ್ಟುಕೊಳ್ಳಬಹುದು. ಈ ನಡೆಯನ್ನು ಮೀರಿದ ಎರಡು ಸಂದರ್ಭಗಳಲ್ಲಿ ತಡಮಾಡತಕ್ಕದ್ದಲ್ಲ. ಹುಟ್ಟಿದ 24 ಗಂಟೆಗಳೊಳಗೆ ಹಳದಿ ಕಂಡರೆ ಅದು ಸಹಜವಲ್ಲ, ಅಂದೇ ವೈದ್ಯರು ನೋಡಬೇಕು. ತುಂಬಿದ ಕೂಸಿನಲ್ಲಿ 14 ದಿನ, ತುಂಬದ ಕೂಸಿನಲ್ಲಿ 21 ದಿನ ಕಳೆದರೂ ಹಳದಿ ಉಳಿದಿದ್ದರೆ ಆಗಲೂ ರಕ್ತಪರೀಕ್ಷೆಯಾಗಬೇಕು.

ಈಗಿನ ಕಾಲದಲ್ಲಿ ಸುಖಪ್ರಸವವಾದ ಒಂದೆರಡು ದಿನಗಳಲ್ಲಿಯೇ ತಾಯಿಮಕ್ಕಳು ಆಸ್ಪತ್ರೆಯಿಂದ ಮನೆಗೆ ಬರುವುದುಂಟು. ಹಳದಿಯು ಏರುವುದು ಆಮೇಲೆ. ಅಂದರೆ ಅದನ್ನು ಮೊದಲು ಕಾಣಬೇಕಾದವರು ಮನೆಯವರೇ. ಆದರೆ ನಮ್ಮ ಬಾಣಂತಿಯ ಕೋಣೆಯ ಬಾಗಿಲು ಕಿಟಕಿಗಳು ಮುಚ್ಚಿರುತ್ತವೆ. ಕೂಸಿನ ಮೈಗೆ ಅರಿಸಿನ ಹಚ್ಚುವ ರೂಢಿಯೂ ಕೆಲವೆಡೆ ಉಂಟು. ಮಬ್ಬಿನಲ್ಲಿ, ಅರಿಸಿನದ ಮೈಮೇಲೆ, ಕಾಮಾಲೆಯನ್ನು ಗುರುತಿಸುವುದು ಹೇಗೆ? ದಿನಕ್ಕೊಮ್ಮೆ ಕೂಸನ್ನು ಹಗಲ ಬೆಳಕಿಗೆ ತಂದು, ಹಣೆಯನ್ನೂ ಎದೆಯನ್ನೂ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟು ಆ ಜಾಗದ ಬಣ್ಣವನ್ನು ನೋಡಬೇಕು. ಕಪ್ಪು ಮೈಬಣ್ಣದ ಕೂಸಾದರೆ ಕಣ್ಣಿನ ಬಿಳಿಯನ್ನೂ ಒಸಡನ್ನೂ ನೋಡಬೇಕು. ಹಳದಿಯು ಮುಖದಿಂದ ಎದೆಗೂ ಹೊಟ್ಟೆಗೂ ಇಳಿದು ಕೈಕಾಲುಗಳಿಗೆ ಹರಡುವುದು ಕ್ರಮ. ಅಂಗೈ ಅಂಗಾಲುಗಳು ಹಳದಿಯಾದರೆ ಕೂಡಲೇ ಹೊರಡಬೇಕು. ಕಣ್ಣಳತೆಯು ಎಚ್ಚರಿಕೆಗೆ ಸಾಕು, ನಿರ್ಣಯಕ್ಕೆ ಸಾಲದು, ನಿರ್ಣಯಿಸತಕ್ಕದ್ದು ರಕ್ತಪರೀಕ್ಷೆ.

ಭಯವಿರುವುದು ಎಲ್ಲಿ? ಬಿಲಿರುಬಿನ್ ಮಿತಿಮೀರಿ ಏರಿದರೆ ಅದು ಮೆದುಳನ್ನು ಸೇರಿ ಅಲ್ಲಿ ಶಾಶ್ವತವಾದ ಹಾನಿಯನ್ನು ಮಾಡುತ್ತದೆ. ಬದುಕಿ ಉಳಿದ ಮಗುವಿಗೆ ಕಿವುಡು ಬರಬಹುದು, ಕೈಕಾಲುಗಳು ಸ್ವಾಧೀನದಲ್ಲಿ ಇರದೆ ಹೋಗಬಹುದು. ಕೂಸು ಮೊಲೆ ಕುಡಿಯಲೊಲ್ಲದೆ ಎಬ್ಬಿಸಿದರೂ ಏಳದೆ ಮಲಗಿದರೆ, ಮೈ ಜೋಲುಬಿದ್ದರೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕೀರಲು ದನಿಯಲ್ಲಿ ಅತ್ತರೆ, ರಾತ್ರಿಯೆಂದು ಬೆಳಗಿನವರೆಗೆ ಕಾಯತಕ್ಕದ್ದಲ್ಲ. ತಾಯಿಯದು ಆರ್‌ಎಚ್ ನೆಗೆಟಿವ್ ರಕ್ತವಾಗಿದ್ದು ಕೂಸಿನದು ಪಾಸಿಟಿವ್ ಆದಾಗ, ಅಥವಾ ತಾಯಿಯದು ಓ ಗುಂಪಾಗಿದ್ದು ಕೂಸಿನದು ಎ ಅಥವಾ ಬಿ ಆದಾಗ ಹೆಚ್ಚಿನ ಎಚ್ಚರವು ಬೇಕು. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಿಗೆ ನ್ಯಾಫ್ತಲೀನ್ ನುಸಿಗುಳಿಗೆಯ ವಾಸನೆಯೇ ವಿಷವಾಗಿ ಕೆಂಪುಕಣಗಳು ಒಡೆಯುತ್ತವೆ. ಪೆಟ್ಟಿಗೆಯಲ್ಲಿ ಆ ಗುಳಿಗೆಗಳೊಡನೆ ಇಟ್ಟಿದ್ದ ಬಟ್ಟೆಯನ್ನು ಕೂಸಿಗೆ ಹೊದಿಸಬಾರದು.

ಮನೆಯಲ್ಲಿ ಮಾಡಬೇಕಾದ ಉಪಚಾರವೆಂದರೆ ಹಾಲೂಡಿಸುವುದು. ಹಳದಿಯ ದ್ರವ್ಯವು ಮಲದೊಡನೆ ಹೊರಹೋಗುತ್ತದೆ. ಕರುಳಿನಲ್ಲಿ ಬಹಳ ಹೊತ್ತು ನಿಂತರೆ ಮತ್ತೆ ರಕ್ತಕ್ಕೆ ಸೇರುತ್ತದೆ. ಹೆತ್ತ ಕೂಡಲೆ ಬರುವ ಗಟ್ಟಿಯಾದ ಮೊದಲ ಹಾಲು ಕೂಸಿನ ಕಪ್ಪುಮಲವನ್ನು ಬೇಗ ಕಳೆಯುತ್ತದೆ. ಅದನ್ನು ಹಿಂಡಿ ಚೆಲ್ಲುವುದು ತಪ್ಪು. ದಿನಕ್ಕೆ 8 ರಿಂದ 12 ಸಲ ಹಾಲೂಡಿಸಬೇಕು. ಸಕ್ಕರೆನೀರು, ಜೇನು, ನೆಲನೆಲ್ಲಿಯ ರಸ ಇವು ಯಾವುವೂ ಬೇಡ. ಚೆನ್ನಾಗಿ ಹಾಲು ಕುಡಿದು ಬೆಳೆಯುತ್ತಿರುವ ಕೆಲವು ಕೂಸುಗಳಲ್ಲಿ ತೆಳುವಾದ ಹಳದಿಯು ಎರಡು ಮೂರು ತಿಂಗಳವರೆಗೂ ಉಳಿಯುವುದುಂಟು. ಇದು ತಾಯಿಯ ಹಾಲಿನಿಂದ ಬರುವ ನಿರಪಾಯವಾದ ಕಾಮಾಲೆ, ಹಾಲನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಇದು ಅದೇ ಎಂದು ಪರೀಕ್ಷೆಯಾದ ಬಳಿಕ ವೈದ್ಯರು ಹೇಳಬೇಕೇ ಹೊರತು ನೆರೆಹೊರೆಯವರಲ್ಲ.

ಆಸ್ಪತ್ರೆಯ ಮುಖ್ಯ ಚಿಕಿತ್ಸೆ ಬೆಳಕು. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿಯು ಎಳೆಗೂಸುಗಳನ್ನು ತೋಟದ ಬಿಸಿಲಿಗೆ ಒಯ್ಯುತ್ತಿದ್ದಳು. 1956ರಲ್ಲಿ ಒಂದು ಕೂಸಿನ ಮೈ ಬಿಸಿಲು ತಾಗಿದೆಡೆ ತಿಳಿಯಾಗಿ, ಬಟ್ಟೆ ಮುಚ್ಚಿದ್ದೆಡೆ ಮಾತ್ರ ಹಳದಿಯಾಗಿ ಉಳಿದುದನ್ನು ಆಕೆ ವೈದ್ಯರಿಗೆ ತೋರಿಸಿದಳು. ಆ ಜಾಡನ್ನು ಹಿಡಿದು ಡಾಕ್ಟರ್ ಕ್ರೀಮರ್ ಮತ್ತು ಅವರ ಸಂಗಡಿಗರು ದೀಪದ ಚಿಕಿತ್ಸೆಯನ್ನು ಕಂಡುಹಿಡಿದು 1958ರಲ್ಲಿ ಪ್ರಕಟಿಸಿದರು. ನೀಲಿಯ ಬೆಳಕು ಬಿಲಿರುಬಿನ್ನನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸುವುದರಿಂದ ಅದು ಪಿತ್ತದೊಡನೆಯೂ ಮೂತ್ರದೊಡನೆಯೂ ಹೊರಹೋಗುತ್ತದೆ. ಹಾಗಾದರೆ ಅಂಗಳದ ಎಳೆಬಿಸಿಲೇ ಸಾಲದೇ ಎಂದು ಕೇಳಬಹುದು. ಬಿಸಿಲಿನ ಪ್ರಮಾಣವನ್ನು ಅಳೆಯುವಂತಿಲ್ಲ. ಬರಿಮೈಯ ಕೂಸಿಗೆ ಚಳಿಯೋ ಸುಡುವಿಕೆಯೋ ತಗಲಬಹುದು. ಅದನ್ನೇ ನಂಬಿ ಕುಳಿತರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ.

ಎರಡು ವಾರ ಮೀರಿದ ಕಾಮಾಲೆಯಲ್ಲಿ ನೋಡಬೇಕಾದದ್ದು ಮಲದ ಬಣ್ಣ. ಹಾಲು ಕುಡಿಯುವ ಕೂಸಿನ ಮಲವು ಹಳದಿಯಾಗಿಯೂ ಮೂತ್ರವು ಬಹುಮಟ್ಟಿಗೆ ಬಣ್ಣವಿಲ್ಲದೆಯೂ ಇರತಕ್ಕದ್ದು. ಮಲವು ಜೇಡಿಮಣ್ಣಿನಂತೆ ಬಿಳಿಚಿಕೊಂಡು ಮೂತ್ರವು ಬಟ್ಟೆಗೆ ಗಾಢವಾದ ಕಲೆಯನ್ನು ಹಿಡಿಸಿದರೆ ಪಿತ್ತದ ದಾರಿ ಮುಚ್ಚಿರಬಹುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಪಿತ್ತದ ಮಾರ್ಗವು ತಡೆಯಲ್ಪಟ್ಟ ಕಾಮಲಾರೋಗಿಯ ಮಲವು ಅರೆದ ಎಳ್ಳಿನಂತಿರುವುದೆಂಬ ಲಕ್ಷಣವು ಬಂದಿದೆ. ಅದು ಎಳೆಗೂಸುಗಳನ್ನೇ ಕುರಿತ ಮಾತಲ್ಲವಾದರೂ ಬಣ್ಣವನ್ನು ನೋಡಿ ಒಳಗಿನ ತಡೆಯನ್ನು ಊಹಿಸಿದ ಆ ದೃಷ್ಟಿಯು ಮೆಚ್ಚತಕ್ಕದ್ದು. ಕೂಸುಗಳಲ್ಲಿನ ಈ ತಡೆಗೆ ಜಪಾನಿನ ಮೊರಿಯೊ ಕಸಾಯಿಯವರು 1950ರ ದಶಕದಲ್ಲಿ ಕಂಡುಹಿಡಿದ ಶಸ್ತ್ರಚಿಕಿತ್ಸೆಯಿದೆ. ಅದು 60 ದಿನಗಳೊಳಗೆ ಆದರೆ ಫಲವು ಹೆಚ್ಚು. ತಡವಾದಷ್ಟೂ ಯಕೃತ್ತು ಕೆಡುತ್ತದೆ. "ತಾನಾಗಿ ಹೋಗುವುದು" ಎಂಬ ಮಾತಿಗೆ ಎರಡು ವಾರಗಳ ಮೇರೆಯುಂಟೆಂದು ಹೇಳಿದುದು ಇದಕ್ಕಾಗಿಯೇ.

ಕಾಮಾಲೆ ಕಂಡ ಕೂಸಿನ ಹೊಟ್ಟೆಗೋ ಕೈಗೋ ಬರೆ ಹಾಕಿಸುವ ಪದ್ಧತಿಯು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಬರೆಯ ಬಳಿಕ ಹಳದಿ ಇಳಿದುದು ಇಳಿಯುವ ದಿನ ಬಂದುದರಿಂದ. ಬರೆಯಿಂದ ಕೂಸಿಗೆ ದೊರೆತದ್ದು ನೋವೂ ಹುಣ್ಣೂ ನಂಜಿನ ಭಯವೂ ಮಾತ್ರ. ಮನೆಯ ಹಿರಿಯರು ಇದನ್ನು ಗಟ್ಟಿಯಾಗಿ ನಿಂತು ತಡೆಯಬೇಕು. ಆಶಾ ಕಾರ್ಯಕರ್ತೆಯರು 3, 7, 14ನೆಯ ದಿನಗಳಲ್ಲಿ ಮನೆಗೆ ಬಂದು ನೋಡುವ ಏರ್ಪಾಡಿದೆ. ಅವರು ಬಂದಾಗ ಕೂಸನ್ನು ಬೆಳಕಿನಲ್ಲಿ ತೋರಿಸಿ.

ಜಾತಕಕ್ಕಾಗಿ ಜನನಕಾಲವನ್ನು ಗಳಿಗೆ ತಪ್ಪದೆ ಬರೆದಿಡುವುದು ನಮ್ಮಲ್ಲಿ ವಾಡಿಕೆ. ಅದೇ ಹಾಳೆಯ ಕೆಳಗೆ ಹಳದಿ ಮೊದಲು ಕಂಡ ದಿನ, ಇಳಿಯತೊಡಗಿದ ದಿನ, ಹದಿನಾಲ್ಕನೆಯ ದಿನದ ಬಣ್ಣ ಎಂದು ಮೂರು ಸಾಲುಗಳನ್ನು ಬರೆದಿಡಿ. ವೈದ್ಯರ ಬಳಿಗೆ ಹೋಗಬೇಕಾಗಿ ಬಂದರೆ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಿ.