ಕಲ್ಲೆಸೆದ ಕೈ ಯಾರಿಗೆ ಹೆದರಿತ್ತು?

ಅಪ್ಪ ಇಲ್ಲ, ಅಮ್ಮ ಇಲ್ಲ, ಮೇಷ್ಟರೂ ಇಲ್ಲ. ಬರೀ ಮಕ್ಕಳೇ ಇದ್ದರೆ ಹೇಗಿರುತ್ತಾರೆ?

ಗೆಳತಿಯರೇ, 1954ರಲ್ಲಿ ಪ್ರಕಟವಾದ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿ ಇದನ್ನೇ ಕೇಳುತ್ತದೆ. ಬರೆದ ವಿಲಿಯಂ ಗೋಲ್ಡಿಂಗ್ ಸ್ವತಃ ಶಾಲಾ ಮೇಷ್ಟರು, ಹುಡುಗರನ್ನು ಬಲ್ಲವರು. ಯುದ್ಧಕಾಲದಲ್ಲಿ ವಿಮಾನ ಬಿದ್ದು ಇಂಗ್ಲಿಷ್ ಹುಡುಗರ ಗುಂಪೊಂದು ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಳ್ಳುತ್ತದೆ. ಹಡಗಿನವರಿಗೆ ಹೊಗೆ ಕಾಣಲಿ, ಬೆಂಕಿ ಆರಬಾರದು ಅನ್ನುತ್ತಾನೆ ನಾಯಕ ರಾಲ್ಫ್. ಜ್ಯಾಕ್‌ಗೆ ಹಂದಿ ಬೇಟೆಯದೇ ಹುಚ್ಚು. ಕನ್ನಡಕದ ಪಿಗ್ಗಿಗೆ ಮಾತುಮಾತಿಗೂ ದೊಡ್ಡವರ ನೆನಪು.

ಮನಶ್ಶಾಸ್ತ್ರಜ್ಞ ಫ್ರಾಯ್ಡ್ 1923ರಲ್ಲಿ ಮನಸ್ಸನ್ನು ಮೂರು ಪಾಲು ಮಾಡಿ ತೋರಿಸಿದರು. ‘ಈಗಲೇ ಬೇಕು’ ಅನ್ನುವುದು ಇಡ್. ‘ಹಾಗೆ ಮಾಡಬಾರದು’ ಅನ್ನುವುದು ಸೂಪರ್ ಈಗೊ. ಹೆತ್ತವರ ಮಾತೇ ಮಗುವಿನೊಳಗೆ ಇಳಿದು ಹೀಗಾಗುತ್ತದಂತೆ. ಇವೆರಡರ ನಡುವೆ ಸಂಸಾರ ತೂಗಿಸುವುದು ಈಗೊ. ಹಾಗಾಗಿ ಜ್ಯಾಕ್ ಇಡ್, ಪಿಗ್ಗಿ ಸೂಪರ್ ಈಗೊ, ರಾಲ್ಫ್ ಈಗೊ ಅಂತ ಹೊಂದಿಸುವುದು ವಾಡಿಕೆ.

ಆದರೆ ಲೆಕ್ಕ ಅಷ್ಟು ಸಲೀಸಲ್ಲ ನೋಡಿ. ಸೈಮನ್ ಎಂಬ ಸಾಧು ಹುಡುಗನನ್ನು ಮೃಗವೆಂದುಕೊಂಡು ಕತ್ತಲಲ್ಲಿ ಎಲ್ಲರೂ ಬಡಿದು ಕೊಂದಾಗ ರಾಲ್ಫ್, ಪಿಗ್ಗಿ ಕೂಡ ಅಲ್ಲೇ ಇದ್ದರು. ಮರುದಿನ ‘ಅದೊಂದು ಅಪಘಾತ’ ಅಂತ ಸಮಜಾಯಿಷಿ ಕೊಟ್ಟವನು ಪಿಗ್ಗಿಯೇ! ಮೂರು ಪಾಲೂ ಒಬ್ಬೊಬ್ಬರಲ್ಲೂ ಇರುತ್ತವೆ. ‘ನಮ್ಮ ಹುಡುಗ ಒಳ್ಳೆಯವನು, ಸಹವಾಸ ಕೆಟ್ಟದ್ದು’ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವೇ?

ನನ್ನನ್ನು ಕಾಡಿದವನು ರೋಜರ್. ಮೊದಮೊದಲು ಅವನು ಮರದ ಮರೆಯಲ್ಲಿ ನಿಂತು, ಆಡುತ್ತಿದ್ದ ಪುಟ್ಟ ಹೆನ್ರಿಯ ಕಡೆಗೆ ಕಲ್ಲೆಸೆಯುತ್ತಾನೆ. ಒಂದೂ ತಾಗುವುದಿಲ್ಲ, ಬೇಕೆಂದೇ ಗುರಿ ತಪ್ಪಿಸುತ್ತಾನೆ. ಅಪ್ಪ ಅಮ್ಮ, ಶಾಲೆ, ಪೊಲೀಸು, ಕಾನೂನು ಎಲ್ಲ ಸಮುದ್ರದಾಚೆ ಉಳಿದಿದ್ದರೂ ಅವುಗಳ ಭಯ ಇನ್ನೂ ಅವನ ತೋಳನ್ನು ಹಿಡಿದಿರುತ್ತದೆ. ದಿನ ಕಳೆದಂತೆ ಆ ಹಿಡಿತ ಸಡಿಲವಾಗುತ್ತದೆ. ಕೊನೆಗೆ ಬಂಡೆಯನ್ನೇ ಉರುಳಿಸಿ ಪಿಗ್ಗಿಯನ್ನು ಕೊಲ್ಲುವವನು ಇದೇ ರೋಜರ್.

ಅವನೊಳಗೆ ಇದ್ದದ್ದು ಶಿಕ್ಷೆಯ ಭಯ ಮಾತ್ರ. ಶಿಕ್ಷಿಸುವವರು ದೂರವಾದರು, ಭಯವೂ ಹೋಯಿತು. ಹೆನ್ರಿಗೆ ನೋವಾದೀತೆಂಬ ಯೋಚನೆ ಅವನಿಗೆ ಬರಲೇ ಇಲ್ಲ.

ನಾವೂ ಮನೆಯಲ್ಲಿ ‘ಅಪ್ಪ ಬರಲಿ, ಹೇಳ್ತೀನಿ’ ಅಂತಲೇ ಮಕ್ಕಳನ್ನು ತಡೆಯುತ್ತೇವೆ. ಆ ಗಳಿಗೆಗೆ ಅದು ಸಾಕು. ಆದರೆ ಅಪ್ಪ ಬಾರದ ಊರಿಗೂ ಮಕ್ಕಳು ಒಂದು ದಿನ ಹೋಗುತ್ತಾರಲ್ಲ? ಇನ್ನು ಮುಂದೆ ಅಣ್ಣ ತಮ್ಮನ ಮೇಲೆ ಕೈಯೆತ್ತಿದಾಗ ಒಮ್ಮೆ ‘ಅವನ ಮುಖ ನೋಡೋ’ ಅಂದು ನೋಡಿ. ನಿಧಾನದ ದಾರಿ, ನಿಜ. ಆದರೂ ಪ್ರಯತ್ನಿಸೋಣ.